ಹಳೇ ಬ್ಯಾಟರಿ ರೇಡಿಯೋ ಮನೆಗೆ ತರುವ ಮುನ್ನ: ವಾಲ್ವ್, ವೈಬ್ರೇಟರ್, ಟ್ರಾನ್ಸಿಸ್ಟರ್‌ಗಳಲ್ಲಿ ಯಾವುದು?

ದಾವಣಗೆರೆಯ ಹಳೇಪೇಟೆ, ಮಂಡಿಪೇಟೆ ಕಡೆಯ ಗುಜರಿ ಅಂಗಡಿಗಳಲ್ಲಾಗಲಿ, ಚಿತ್ರದುರ್ಗದ ಸಂತೆಪೇಟೆ ಸುತ್ತಲಾಗಲಿ ಮರದ ಪೆಟ್ಟಿಗೆಯ ಹಳೇ ರೇಡಿಯೋ ಕಂಡರೆ ಮೊದಲು ಹಿಂಬದಿಯ ರಟ್ಟು ಬಿಚ್ಚಿಸಿ ನೋಡಿ. ಎರಡು ಪಿನ್ನಿನ ಕರೆಂಟ್ ವೈರ್ ಇಲ್ಲದಿದ್ದರೆ ‘ವೈರ್ ಕಿತ್ತು ಹೋಗೈತೆ, ಹಾಕಿಸ್ಕೊಂಡ್ರೆ ಹಾಡ್ತದೆ’ ಅನ್ನುವ ಮಾತು ಬರುವುದು ಸಾಮಾನ್ಯ. ಬಹಳ ಸಲ ಕಿತ್ತು ಹೋದದ್ದು ಏನೂ ಇರುವುದಿಲ್ಲ. ಅದು ಕರೆಂಟ್ ಇಲ್ಲದ ಹಳ್ಳಿಮನೆಗೆಂದೇ ಮಾಡಿದ ಬ್ಯಾಟರಿ ಸೆಟ್. ಅದಕ್ಕೆ 230 ವೋಲ್ಟ್ ಕೊಟ್ಟರೆ ಒಳಗಿನ ಬಲ್ಬಿನಂಥ ಗಾಜಿನ ವಾಲ್ವ್‌ಗಳೆಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ಸುಟ್ಟು ಹೋಗುತ್ತವೆ, ಆಮೇಲೆ ಉಳಿಯುವುದು ಪೆಟ್ಟಿಗೆ ಮಾತ್ರ.

ಬ್ಯಾಟರಿ ರೇಡಿಯೋ ಎಂದರೆ ಒಂದೇ ಜಾತಿಯಲ್ಲ. ಒಣ ಬ್ಯಾಟರಿಯ ವಾಲ್ವ್ ಸೆಟ್, ಕಾರ್ ಬ್ಯಾಟರಿಯ ವೈಬ್ರೇಟರ್ ಸೆಟ್, ಮರದ ಪೆಟ್ಟಿಗೆಯ ಟ್ರಾನ್ಸಿಸ್ಟರ್ ಸೆಟ್, ನೆಲದ ಮೇಲೆ ನಿಲ್ಲುವ ಕನ್ಸೋಲ್ ಹೀಗೆ ನಾಲ್ಕು ದಾರಿ ಇವೆ. ಕೊಳ್ಳುವವರು ಸಾಮಾನ್ಯವಾಗಿ ಪೆಟ್ಟಿಗೆಯ ಪಾಲಿಶ್, ಡಯಲ್ಲಿನ ಗಾಜು, ಮರ್ಫಿಯೋ ಫಿಲಿಪ್ಸೋ ಎಂಬ ಹೆಸರು ನೋಡಿ ಆರಿಸುತ್ತಾರೆ. ಆರಿಸಬೇಕಾದ್ದು ಬೇರೆ ಲೆಕ್ಕದಲ್ಲಿ: ಅದರ ಹೊಟ್ಟೆಗೆ ಎಷ್ಟು ವೋಲ್ಟ್ ಬೇಕು, ಅದನ್ನು ಇವತ್ತು ಯಾವ ಸೆಲ್‌ನಿಂದ ಕೊಡುತ್ತೀರಿ, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಆನೆ ತಂದವರು ಮೇವಿನ ಲೆಕ್ಕ ಮೊದಲೇ ಹಾಕಿರಬೇಕು.

ಮೊದಲು: ನಿಮ್ಮ ಮನೆಯಲ್ಲಿ ಕೇಳಲು ಏನು ಸಿಗುತ್ತದೆ?

ಹಳೇ ಸೆಟ್‌ಗಳಲ್ಲಿ ಇರುವುದು ಮೀಡಿಯಂ ವೇವ್, ಜೊತೆಗೆ ಒಂದೋ ಎರಡೋ ಶಾರ್ಟ್ ವೇವ್ ಬ್ಯಾಂಡ್. ಎಫ್‌ಎಂ ಇರುವುದಿಲ್ಲ. ಚಿತ್ರದುರ್ಗದ ಆಕಾಶವಾಣಿ ಎಫ್‌ಎಂ 102.6ರಲ್ಲಿದೆ. ಅಂದರೆ ಕೋಟೆಯ ಬುಡದಲ್ಲೇ ಮನೆಯಿದ್ದರೂ ಹಳೇ ವಾಲ್ವ್ ರೇಡಿಯೋದಲ್ಲಿ ಚಿತ್ರದುರ್ಗ ಕೇಂದ್ರ ಹಿಡಿಯಲಾಗದು. ನಮ್ಮ ಎರಡು ಜಿಲ್ಲೆಗೆ ಮೀಡಿಯಂ ವೇವ್‌ನಲ್ಲಿ ಹುಡುಕಬೇಕಾದವು ಮೂರು: ಭದ್ರಾವತಿ 675 ಕಿಲೋಹರ್ಟ್ಸ್, ಧಾರವಾಡ 765, ಬೆಂಗಳೂರು 612. ಹಳೇ ಡಯಲ್ಲುಗಳಲ್ಲಿ ಗುರುತು ಮೀಟರಿನಲ್ಲಿರುತ್ತದೆ. 3,00,000ವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ. ಆ ಲೆಕ್ಕದಲ್ಲಿ ಭದ್ರಾವತಿ 444 ಮೀಟರ್, ಧಾರವಾಡ 392, ಬೆಂಗಳೂರು 490ರ ಹತ್ತಿರ.

ರೇಡಿಯೋಗೆ ದುಡ್ಡು ಕೊಡುವ ಮೊದಲು ಒಂದು ಚಿಕ್ಕ ಪಾಕೆಟ್ ರೇಡಿಯೋ ಹಿಡಿದು ಅದನ್ನು ಇಡಬೇಕೆಂದಿರುವ ಜಾಗದಲ್ಲೇ ನಿಂತು, ಬೆಳಿಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ಈ ಮೂರೂ ಜಾಗ ತಿರುಗಿಸಿ ನೋಡಿ. ಹಗಲಿನಲ್ಲಿ ಬರುವ ಕೇಂದ್ರವೇ ನಂಬಬಹುದಾದ ಕೇಂದ್ರ. ಸಂಜೆ ಬರುವುದು ಆಕಾಶದ ಪದರಕ್ಕೆ ತಾಗಿ ಬರುವ ಅಲೆ, ಏರಿಳಿಯುತ್ತಿರುತ್ತದೆ. ಸಂಜೆ ಮಾತ್ರ ಗುರ್ರ್ ಎಂಬ ಗದ್ದಲ ಹೆಚ್ಚಾದರೆ ತಪ್ಪು ಮನೆಯ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರುಗಳದ್ದು. ಮೇನ್ ಸ್ವಿಚ್ ಇಳಿಸಿ ಕೇಳಿದರೆ ಗೊತ್ತಾಗುತ್ತದೆ. ಬ್ಯಾಟರಿ ರೇಡಿಯೋದ ನಿಜವಾದ ಲಾಭ ಇಲ್ಲಿದೆ: ಲೋಡ್ ಶೆಡ್ಡಿಂಗ್ ಹೊತ್ತಿನಲ್ಲಿ ಬೀದಿಯ ಗದ್ದಲವೆಲ್ಲ ಸತ್ತಾಗ, ಇನ್ವರ್ಟರ್ ಇಲ್ಲದ ಮನೆಯಲ್ಲಿ ಭದ್ರಾವತಿ ತೊಳೆದಿಟ್ಟಷ್ಟು ಸ್ವಚ್ಛವಾಗಿ ಕೇಳುತ್ತದೆ.

ಮೂರರಲ್ಲಿ ಒಂದೂ ಹಗಲು ಬರದಿದ್ದರೆ ವಾಲ್ವ್ ಸೆಟ್ಟಿನ ಆಸೆ ಬಿಟ್ಟು ನೇರವಾಗಿ ಈ ಬರಹದ ಕನ್ಸೋಲ್ ಭಾಗಕ್ಕೆ ಹೋಗಬಹುದು.

ಒಣ ಬ್ಯಾಟರಿಯ ವಾಲ್ವ್ ಸೆಟ್

ಇದಕ್ಕೆ ಎರಡು ಬ್ಯಾಟರಿ ಬೇಕು. ವಾಲ್ವಿನೊಳಗಿನ ಫಿಲಮೆಂಟ್ ತಂತಿ ಕಾಯಿಸಲು 1.5 ವೋಲ್ಟಿನ ಲೋ ಟೆನ್ಷನ್, ಅಂದರೆ ಎಲ್‌ಟಿ. ವಾಲ್ವಿನೊಳಗಿನ ಪ್ಲೇಟಿಗೆ ಕೊಡಲು 90 ವೋಲ್ಟಿನ ಹೈ ಟೆನ್ಷನ್, ಅಂದರೆ (ಚಿಕ್ಕ ಸೆಟ್‌ಗಳಲ್ಲಿ 67.5) ಎಚ್‌ಟಿ. ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿದ ಪ್ಯಾಕ್ ಆಗಿನ ಕಾಲದಲ್ಲಿ ಸಿಗುತ್ತಿತ್ತು, ಈಗ ನಾವೇ ಕಟ್ಟಬೇಕು.

ವಾಲ್ವಿನ ಮೇಲಿನ ನಂಬರ್ ಓದಿದರೆ ಅರ್ಧ ತೀರ್ಮಾನ ಆದಂತೆ. ಡಿಕೆ91, ಡಿಎಫ್91, ಡಿಎಎಫ್91, ಡಿಎಲ್92 ಎಂದಿದ್ದರೆ (ಅಮೆರಿಕದ ಹೆಸರಿನಲ್ಲಿ 1ಆರ್5, 1ಟಿ4, 1ಎಸ್5, 3ಎಸ್4) ಮೊದಲ ಮೂರೂ ತಲಾ 50 ಮಿಲಿಆಂಪ್, ಕೊನೆಯದು 100, ಒಟ್ಟು 250 ಮಿಲಿಆಂಪ್ ಎಲ್‌ಟಿ ಎಳೆಯುತ್ತವೆ. ಡಿಕೆ96, ಡಿಎಫ್96, ಡಿಎಎಫ್96, ಡಿಎಲ್96 ಆದರೆ ಅದರ ಅರ್ಧ, 125 ಮಿಲಿಆಂಪ್. ಎರಡು ಸೆಟ್ ಒಂದೇ ಸ್ಥಿತಿಯಲ್ಲಿ ಸಿಕ್ಕರೆ 96 ಸರಣಿಯದನ್ನು ತೆಗೆದುಕೊಳ್ಳಿ, ಸೆಲ್ ಖರ್ಚು ಉಳಿಯುತ್ತದೆ. ಆದರೆ 25 ಮಿಲಿಆಂಪಿನ ಆ ಫಿಲಮೆಂಟ್ ಕೂದಲಿಗಿಂತ ತೆಳು, ವೋಲ್ಟೇಜ್ ತಪ್ಪಿದರೆ ಕ್ಷಮಿಸುವುದಿಲ್ಲ. ದೊಡ್ಡ ಬುಡದ 1ಎ7, 1ಎನ್5, 1ಎಚ್5, 1ಸಿ5 ವಾಲ್ವ್‌ಗಳಿದ್ದರೆ ಸೆಟ್ ಇನ್ನೂ ಹಳೆಯದು. ಎಲ್‌ಟಿ ಖರ್ಚು 250ರ ಆಸುಪಾಸಿನದೇ, ಬದಲಿ ವಾಲ್ವ್ ಸಿಗುವುದು ಮಾತ್ರ ಕಷ್ಟ.

ಲೇಬಲ್ಲಿನಲ್ಲಿ ಎಲ್‌ಟಿ 7.5 ವೋಲ್ಟ್ ಎಂದಿದ್ದರೆ ಫಿಲಮೆಂಟುಗಳನ್ನು ಸೀರೀಸ್‌ನಲ್ಲಿ ಜೋಡಿಸಿದ್ದಾರೆ ಎಂದರ್ಥ. 1.4ರ ಮೂರು, 2.8ರ ಒಂದು ಸೇರಿ 7 ವೋಲ್ಟ್. ಇಂಥ ಸೆಟ್‌ನಲ್ಲಿ ಒಂದು ವಾಲ್ವ್ ಸತ್ತರೆ ಎಲ್ಲವೂ ಆರುತ್ತವೆ. ಸ್ವಿಚ್ ಹಾಕಿರುವಾಗ ವಾಲ್ವ್ ಕಿತ್ತು ಮತ್ತೆ ಚುಚ್ಚಿದರೆ ಕಂಡೆನ್ಸರಿನಲ್ಲಿ ತುಂಬಿದ ಚಾರ್ಜ್ ನುಗ್ಗಿ ಉಳಿದವೂ ಹೋಗಬಹುದು.

ಎಚ್‌ಟಿ ಕಟ್ಟುವ ಸರಳ ದಾರಿ: ಹತ್ತು 9 ವೋಲ್ಟ್ ಸೆಲ್‌ಗಳನ್ನು ಒಂದರ ಪ್ಲಸ್ಸಿಗೆ ಮತ್ತೊಂದರ ಮೈನಸ್ ಸಿಕ್ಕಿಸುತ್ತ ಹೋಗುವುದು. ಅವುಗಳ ಕ್ಲಿಪ್ ಗಂಡುಹೆಣ್ಣು ಆಗಿರುವುದರಿಂದ ನೇರವಾಗಿಯೇ ಕಚ್ಚಿಕೊಳ್ಳುತ್ತವೆ. ಎಚ್‌ಟಿ ಎಳೆತ ಸುಮಾರು 10 ಮಿಲಿಆಂಪ್. ಸಾಧಾರಣ 9 ವೋಲ್ಟ್ ಸೆಲ್ 400 ಮಿಲಿಆಂಪ್-ಗಂಟೆ ಕೊಟ್ಟರೆ 40 ಗಂಟೆ. ದಿನಕ್ಕೆ ಎರಡು ಗಂಟೆ ಕೇಳಿದರೆ 20 ದಿನ. ವೋಲ್ಟೇಜ್ 65ರ ತನಕ ಇಳಿದರೂ ಹೆಚ್ಚಿನ ಸೆಟ್‌ಗಳು ಹಾಡುತ್ತವೆ, ದನಿ ಸಣ್ಣದಾಗುತ್ತದೆ ಅಷ್ಟೇ. ಎಲ್‌ಟಿಗೆ ಎರಡು ದೊಡ್ಡ ಡಿ ಸೈಜ್ ಆಲ್ಕಲೈನ್ ಸೆಲ್ ಪ್ಯಾರಲಲ್ ಆಗಿ. ಎಲ್‌ಟಿ 1.1ಕ್ಕೆ ಇಳಿಯುತ್ತಿದ್ದ ಹಾಗೆ ಮೊದಲ ವಾಲ್ವ್ ಆಸಿಲೇಟರ್ ಕೆಲಸ ನಿಲ್ಲಿಸುತ್ತದೆ. ಸ್ಪೀಕರಿನಲ್ಲಿ ಸಣ್ಣ ಸುಸ್ ಶಬ್ದ ಇರುತ್ತದೆ, ಸ್ಟೇಷನ್ ಮಾತ್ರ ಮಾಯ. ಮೊದಲು ಶಾರ್ಟ್ ವೇವ್ ಹೋಗಿ ಆಮೇಲೆ ಮೀಡಿಯಂ ವೇವ್ ಹೋದರೆ ಸೆಟ್ ಕೆಟ್ಟಿಲ್ಲ, ಸೆಲ್ ಮುಗಿದಿದೆ. ಚಾರ್ಜ್ ಮಾಡುವ 1.2 ವೋಲ್ಟಿನ ಸೆಲ್ ಹಾಕಿದರೆ ಶುರುವಿನಿಂದಲೇ ಈ ಗಡಿಯ ಹತ್ತಿರ ಇರುತ್ತೀರಿ.

ತಿಂಗಳಿಗೆ ಹದಿನೈದು ಸೆಲ್ ಕೊಳ್ಳಲು ಮನಸ್ಸಿಲ್ಲದವರು ಮನೆಯ ಕರೆಂಟನ್ನೇ ಬ್ಯಾಟರಿ ವೋಲ್ಟೇಜಿಗೆ ಇಳಿಸುವ ಎಲಿಮಿನೇಟರ್ ಮಾಡಿಸಬಹುದು. ಎಚ್‌ಟಿಗೆ ಎರಡು ಸಣ್ಣ ಟ್ರಾನ್ಸ್‌ಫಾರ್ಮರ್ ಸಾಕು: ಮೊದಲನೆಯದು 230ರಿಂದ 9 ವೋಲ್ಟ್, 1 ಆಂಪ್, ಅದರ 9 ವೋಲ್ಟನ್ನು ಎರಡನೆಯ 12-0-12 ಟ್ರಾನ್ಸ್‌ಫಾರ್ಮರಿನ ಎರಡು ತುದಿಗಳಿಗೆ, ನಡುವಿನ ತಂತಿ ಬಿಟ್ಟು, ಹಿಮ್ಮುಖವಾಗಿ ಕೊಡುವುದು. ಆ ಬದಿಯ 230ರ ಸುರುಳಿಯಲ್ಲಿ ಲೆಕ್ಕಕ್ಕೆ 86 ವೋಲ್ಟ್ ಎಸಿ ಬರುತ್ತದೆ, ನಷ್ಟ ಕಳೆದು ಇನ್ನೂ ಕಡಿಮೆ. ನಾಲ್ಕು 1ಎನ್4007 ಡಯೋಡ್, 250 ವೋಲ್ಟಿನ 47 ಮೈಕ್ರೋಫ್ಯಾರಡ್ ಎರಡು, ನಡುವೆ 2.2 ಕಿಲೋ ಓಮ್. ರೇಡಿಯೋಗೆ ಜೋಡಿಸುವ ಮೊದಲು 10 ಕಿಲೋ ಓಮ್, 2 ವಾಟ್ ರೆಸಿಸ್ಟರನ್ನು ಲೋಡ್ ಆಗಿಟ್ಟು ಅಳೆಯಿರಿ. 90ಕ್ಕೆ ಮೇಲಿದ್ದರೆ 2.2 ಕಿಲೋವನ್ನು ದೊಡ್ಡದು ಮಾಡುತ್ತ ಇಳಿಸಬೇಕು. ಲೋಡ್ ಇಲ್ಲದೆ ಅಳೆದರೆ 140 ದಾಟಿ ತೋರಿಸಬಹುದು, ಅದಕ್ಕೇ 250 ವೋಲ್ಟಿನ ಕಂಡೆನ್ಸರ್. 90 ವೋಲ್ಟ್ ಡಿಸಿ ಕೈಗೆ ಹೊಡೆಯುತ್ತದೆ, ಹುಡುಗಾಟ ಬೇಡ. ಎಲ್‌ಟಿಯನ್ನು ಮಾತ್ರ ಸೆಲ್‌ನಲ್ಲೇ ಇಡುವುದು ಜಾಣತನ. ರೆಗ್ಯುಲೇಟರ್ ಐಸಿಯ ಒಂದು ಬೆಸುಗೆ ಬಿಟ್ಟರೂ ಒಳಬರುವ ವೋಲ್ಟೇಜ್ ಹಾಗೇ ಫಿಲಮೆಂಟಿಗೆ ಹೋಗುತ್ತದೆ, ನಾಲ್ಕು ವಾಲ್ವ್ ಒಟ್ಟಿಗೆ ಹೋಗುತ್ತವೆ. ಆನ್‌ಲೈನ್‌ನಲ್ಲಿ ಸಿಗುವ 12ರಿಂದ 90 ವೋಲ್ಟ್ ಮಾಡುವ ಪುಟ್ಟ ಬೋರ್ಡ್‌ಗಳು ಅಗ್ಗ, ಆದರೆ ತಗಡಿನ ಡಬ್ಬಿಯಲ್ಲಿ ಮುಚ್ಚದೆ ಇಟ್ಟರೆ ಮೀಡಿಯಂ ವೇವ್ ತುಂಬ ಅವುಗಳ ಕಿರುಚಾಟವೇ ತುಂಬಿರುತ್ತದೆ.

ಮೊದಲ ಸಲ ಪವರ್ ಕೊಡುವ ಕ್ರಮವನ್ನು ಬಿಡಿಸಿ ಹೇಳಲೇಬೇಕು, ಬ್ಯಾಟರಿ ವಾಲ್ವ್ ಸೆಟ್‌ಗಳು ಸಾಯುವುದು ಹೆಚ್ಚಾಗಿ ಆ ಐದು ನಿಮಿಷದಲ್ಲೇ. ವಾಲ್ವ್‌ಗಳನ್ನು ಹೊರತೆಗೆದು ಡಿಜಿಟಲ್ ಮೀಟರಿನಲ್ಲಿ ಫಿಲಮೆಂಟ್ ನೋಡಿ. ಏಳು ಪಿನ್ನಿನ ಗಾಜಿನ ವಾಲ್ವ್‌ನಲ್ಲಿ 1 ಮತ್ತು 7ನೇ ಪಿನ್. 50 ಮಿಲಿಆಂಪಿನದು ಬಿಸಿಯಲ್ಲಿ 28 ಓಮ್, ತಣ್ಣಗಿರುವಾಗ ಅದಕ್ಕಿಂತ ಕಡಿಮೆ ತೋರಿಸಬೇಕು. ಮುಳ್ಳಿನ ಹಳೇ ಮೀಟರಿನ ಓಮ್ಸ್ ಒಂದರ ರೇಂಜ್ ಬಳಸಬೇಡಿ, ಆ ಮೀಟರ್ ಕೊಡುವ ಕರೆಂಟೇ ಫಿಲಮೆಂಟ್ ಸುಡುವಷ್ಟಿರುತ್ತದೆ. ಆಮೇಲೆ ಎಲ್‌ಟಿ ಒಂದನ್ನೇ ಜೋಡಿಸಿ ಪ್ರತಿ ಸಾಕೆಟ್ಟಿನಲ್ಲಿ 1.3ರಿಂದ 1.5 ಇದೆಯೇ ನೋಡಿ. ವಾಲ್ವ್ ಹಾಕಿದ ಮೇಲೆ ಬೆಳಕು ಕಾಣದಿದ್ದರೆ ಗಾಬರಿ ಬೇಡ, ಈ ಜಾತಿಯ ಫಿಲಮೆಂಟ್ ಹಗಲಲ್ಲಿ ಹೊಳೆಯುವುದು ಕಾಣುವುದೇ ಇಲ್ಲ.

ಎಚ್‌ಟಿಯನ್ನು ನೇರ ಕೊಡದೆ 2.2 ಕಿಲೋ ಓಮ್ ರೆಸಿಸ್ಟರ್ ಮೂಲಕ ಕೊಡಿ. ತಂತಿ ಅದಲುಬದಲಾಗಿ 90 ವೋಲ್ಟ್ ಫಿಲಮೆಂಟಿಗೇ ಹೋದರೂ ಹರಿಯುವುದು 41 ಮಿಲಿಆಂಪ್ ಮಾತ್ರ, 50 ಮಿಲಿಆಂಪಿನ ವಾಲ್ವ್ ಬದುಕುತ್ತದೆ. (25ರ ಡಿಕೆ96 ಸರಣಿಯನ್ನು ಪ್ಯಾರಲಲ್ ಜೋಡಿಸಿರುವುದರಿಂದ ನಾಲ್ಕೂ ವಾಲ್ವ್ ಸಾಕೆಟ್ಟಿನಲ್ಲಿದ್ದಾಗ ಅದೂ ಬದುಕುತ್ತದೆ. ಒಂದೇ ವಾಲ್ವ್ ಇಟ್ಟು ಪರೀಕ್ಷೆ ಮಾಡಬೇಡಿ.) ಆ ರೆಸಿಸ್ಟರಿನ ಎರಡು ತುದಿಗೆ ಮೀಟರ್ ಹಿಡಿದರೆ 22 ವೋಲ್ಟ್ ಎಂದರೆ 10 ಮಿಲಿಆಂಪ್. 33 ದಾಟಿದರೆ ಒಳಗೆ ಸೋರಿಕೆ ಇದೆ, ಕೂಡಲೇ ತೆಗೆಯಿರಿ.

ಸೋರಿಕೆಯ ಮೂಲ ನೂರಕ್ಕೆ ತೊಂಬತ್ತು ಪಾಲು ಎರಡೇ ಕಡೆ. ಡಿಎಎಫ್91ರ ಪ್ಲೇಟಿನಿಂದ ಔಟ್‌ಪುಟ್ ವಾಲ್ವಿನ (ಸ್ಪೀಕರ್ ನಡೆಸುವ ಕೊನೆಯ ವಾಲ್ವ್) ಗ್ರಿಡ್ಡಿಗೆ ಹೋಗುವ 0.01 ಮೈಕ್ರೋಫ್ಯಾರಡಿನ ಮೇಣ ಮೆತ್ತಿದ ಪೇಪರ್ ಕಂಡೆನ್ಸರ್ ಮೊದಲನೆಯದು. ಇದು ಸೋರಿದರೆ ಗ್ರಿಡ್ ನೆಗೆಟಿವ್ ಇರುವ ಬದಲು ಪಾಸಿಟಿವ್ ಆಗಿ ದನಿ ಒಡೆಯುತ್ತದೆ, ಎಚ್‌ಟಿ ಸೆಲ್ ವಾರದಲ್ಲಿ ಖಾಲಿಯಾಗುತ್ತದೆ, ಕೊನೆಗೆ ಔಟ್‌ಪುಟ್ ವಾಲ್ವ್ ಕೂಡ ಹೋಗುತ್ತದೆ. ಅಳೆಯುವುದಕ್ಕೇ ಹೋಗದೆ 400 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಹಾಕಿಬಿಡಿ. ಏಪ್ರಿಲ್ ಬಿಸಿಲಿಗೆ ತಗಡಿನ ಅಟ್ಟದಲ್ಲಿ ವರ್ಷಗಟ್ಟಲೆ ಬೆಂದ ಮೇಣದ ಕಂಡೆನ್ಸರ್ ಒಳ್ಳೆಯದಿರಲು ಕಾರಣವೇ ಇಲ್ಲ. ಎರಡನೆಯದು ಎಚ್‌ಟಿ ಅಡ್ಡಕ್ಕಿರುವ 8 ಮೈಕ್ರೋಫ್ಯಾರಡ್ ಎಲೆಕ್ಟ್ರೋಲೈಟಿಕ್, ಅದರ ಜಾಗಕ್ಕೆ 10 ಮೈಕ್ರೋಫ್ಯಾರಡ್ 160 ವೋಲ್ಟ್. ಐಎಫ್‌ಟಿ ಡಬ್ಬಿಗಳ (ಶ್ರುತಿ ಮಾಡಿಟ್ಟ ಸುರುಳಿಗಳಿರುವ ಚಿಕ್ಕ ತಗಡಿನ ಡಬ್ಬಿಗಳು) ತಲೆಯ ಸ್ಕ್ರೂ ಮಾತ್ರ ಮುಟ್ಟಬೇಡಿ. ‘ಟ್ಯೂನ್ ಮಾಡ್ತೀನಿ’ ಎಂದು ತಿರುಗಿಸಿದ ಸೆಟ್ ಮತ್ತೆ ದಾರಿಗೆ ಬರಲು ಸಿಗ್ನಲ್ ಜನರೇಟರ್ ಇರುವವರ ಮನೆಯೇ ಹುಡುಕಬೇಕು.

ಈ ಸೆಟ್‌ನ ದನಿ ಎಷ್ಟು? 90 ವೋಲ್ಟಿನಲ್ಲಿ ಡಿಎಲ್92 ಕೊಡುವುದು ಕಾಲು ವಾಟ್. ನಡುಮನೆಯಲ್ಲಿ ಕೂತು ಕೇಳಲು ಸಾಕು, ಬಹಳ ಇಂಪಾಗಿಯೂ ಇರುತ್ತದೆ. ಪಿ.ಬಿ. ರಸ್ತೆಗೆ ಬಾಗಿಲಿರುವ ಮನೆಯಲ್ಲೋ ಪಕ್ಕದಲ್ಲೇ ಮಿಲ್ ಇರುವ ಕಡೆಯಲ್ಲೋ ಸಾಲದು.

ಏರಿಯಲ್ ಇಲ್ಲದೆ ಇದು ಅರ್ಧ ರೇಡಿಯೋ. ತಾರಸಿಯ ಮೇಲೆ 30ರಿಂದ 50 ಅಡಿ ತಂತಿ, ಎರಡೂ ತುದಿಗೆ ಪಿಂಗಾಣಿ ಗುಬ್ಬಿ, ಮನೆ ವೈರಿಂಗ್‌ನಿಂದಲೂ ಬೀದಿಯ ಲೈನ್‌ನಿಂದಲೂ ದೂರ. ಅರ್ಥಿಂಗ್‌ಗೆ ಹಿತ್ತಿಲಲ್ಲಿ ಬೇರೆಯದೇ ಗೂಟ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಒಣ ನೆಲದಲ್ಲಿ ಬಚ್ಚಲ ನೀರು ಹರಿಯುವ ಜಾಗಕ್ಕೆ ಹೊಡೆದರೆ ಮಾತ್ರ ಗೂಟ ಕೆಲಸ ಮಾಡುತ್ತದೆ. ಮುಂಗಾರಿನ ಮೊದಲ ಗುಡುಗಿಗೆ ಏರಿಯಲ್ ತಂತಿ ಕಿತ್ತು ಅರ್ಥಿಗೆ ಸಿಕ್ಕಿಸಿಬಿಡಬೇಕು.

ವೈಬ್ರೇಟರ್ ಸೆಟ್

ಒಂದೇ 6 ವೋಲ್ಟ್ ಕಾರ್ ಬ್ಯಾಟರಿಯಿಂದ ಎಲ್ಲವೂ ನಡೆಯುವ ಸೆಟ್ ಇದು. ಒಳಗೆ ತಗಡಿನ ಡಬ್ಬಿಯಲ್ಲಿ ಸೆಕೆಂಡಿಗೆ ನೂರರ ಆಸುಪಾಸು ಸಲ ಬಡಿಯುವ ಎಲೆಸ್ಪ್ರಿಂಗ್ ಇದೆ. ಅದು ಡಿಸಿಯನ್ನು ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಟ್ಟು ಎಚ್‌ಟಿ ಮಾಡುತ್ತದೆ. ದನಿ ಒಣ ಬ್ಯಾಟರಿಯದಕ್ಕಿಂತ ಜೋರು. ಎಳೆತ ಮಾತ್ರ ಸಾಮಾನ್ಯವಾಗಿ 1 ಆಂಪ್‌ಗೂ ಮೇಲೆ, ಎಮರ್ಜೆನ್ಸಿ ಲೈಟಿನ 6 ವೋಲ್ಟ್ 4.5 ಆಂಪ್-ಗಂಟೆ ಬ್ಯಾಟರಿ ಮೂರು ಗಂಟೆಗೆ ಕೈ ಎತ್ತುತ್ತದೆ. ಈಗಿನ ವಾಹನಗಳ 12 ವೋಲ್ಟ್ ಬ್ಯಾಟರಿ ಹಾಕಲು ಆಗದು.

ಸ್ವಿಚ್ ಹಾಕಿದಾಗ ಗುಂಯ್ ಎಂಬ ಸಣ್ಣ ಸದ್ದು ಬರದಿದ್ದರೆ ಪಾಯಿಂಟ್ ಅಂಟಿಕೊಂಡಿದೆ ಅಥವಾ ಕಿಲುಬು ಹಿಡಿದಿದೆ. ಕೂಡಲೇ ಆಫ್ ಮಾಡಿ, ಇಲ್ಲವಾದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಟ್ರಾನ್ಸ್‌ಫಾರ್ಮರಿನ ಎಚ್‌ಟಿ ಬದಿಯಲ್ಲಿರುವ ಬಫರ್ ಕಂಡೆನ್ಸರನ್ನು ಅದೇ ಬೆಲೆಯ, 1600 ವೋಲ್ಟಿಗೆ ಕಡಿಮೆಯಿಲ್ಲದ ಹೊಸದರಿಂದ ಬದಲಿಸದೆ ಇಂಥ ಸೆಟ್ ಹಚ್ಚಲೇಬಾರದು. ಕೆಲವು ವೈಬ್ರೇಟರ್‌ಗಳು ಡಯೋಡಿನ ಕೆಲಸವನ್ನೂ ತಾವೇ ಮಾಡುತ್ತವೆ. ಅಂಥದ್ದಕ್ಕೆ ಪ್ಲಸ್ ಮೈನಸ್ ತಿರುಗಿಸಿ ಕೊಟ್ಟರೆ ಎಚ್‌ಟಿಯೂ ತಿರುಗಿ ಎಲೆಕ್ಟ್ರೋಲೈಟಿಕ್‌ಗಳು ಸಿಡಿಯುತ್ತವೆ. ರಿಪೇರಿಯೇ ಹವ್ಯಾಸವಾಗಿರುವವರಿಗೆ ಇದು ಹಬ್ಬ, ಉಳಿದವರಿಗೆ ಬೇಡ.

ಮರದ ಪೆಟ್ಟಿಗೆಯ ಟ್ರಾನ್ಸಿಸ್ಟರ್ ಸೆಟ್

ಹೆಚ್ಚಿನ ಮನೆಗಳಿಗೆ ನಮ್ಮ ಓಟು ಇದಕ್ಕೆ. 1960, 70ರ ದಶಕದ ಫಿಲಿಪ್ಸ್, ಮರ್ಫಿ, ಬುಷ್, ಎಚ್‌ಎಂವಿ, ನೆಲ್ಕೋ ಟೇಬಲ್ ಸೆಟ್‌ಗಳು ವಾಲ್ವ್ ಸೆಟ್‌ಗಳಷ್ಟೇ ಚೆಂದ ಕಾಣುತ್ತವೆ, ಒಳಗೆ ಮಾತ್ರ ನಾಲ್ಕೋ ಆರೋ ಡಿ ಸೆಲ್ ಕೇಳುವ ಸಾದಾ ಪ್ರಾಣಿ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವ್, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಕೆ ಶುರು ಮಾಡಿತು. ಹೀಗಾಗಿ ಈ ಸೆಟ್‌ಗಳ ಒಳಗೆ ಬಿಇಎಲ್ ಅಚ್ಚಿನ ಬಿಡಿಭಾಗ ಕಾಣುವುದು ಅಪರೂಪವಲ್ಲ. ಬದಲಿ ಬೇಕಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೇ ಅಂಗಡಿಗಳಲ್ಲಿ ಎಸಿ127, ಎಸಿ128 ಕೇಳಿ ನೋಡಬಹುದು.

ಸೆಲ್ ಲೆಕ್ಕ ನೋಡಿ: ಸುಮ್ಮನಿದ್ದಾಗ 10-15 ಮಿಲಿಆಂಪ್, ಮನೆಮಟ್ಟದ ದನಿಯಲ್ಲಿ ಸರಾಸರಿ 25. ಸಾಧಾರಣ ಡಿ ಸೆಲ್ 5 ಆಂಪ್-ಗಂಟೆ ಕೊಟ್ಟರೂ 200 ಗಂಟೆ, ದಿನಕ್ಕೆ ಎರಡು ಗಂಟೆಯಂತೆ ಮೂರು ತಿಂಗಳಿಗೂ ಮೇಲೆ. ವಾಲ್ವ್ ಸೆಟ್ 20 ದಿನಕ್ಕೆ ಹತ್ತು ಸೆಲ್ ತಿನ್ನುವುದರ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಹೆಚ್ಚು ಮಾತು ಬೇಕಿಲ್ಲ. ದನಿಯೂ ಅರ್ಧದಿಂದ ಒಂದು ವಾಟ್. ಒಳಗೇ ಏರಿಯಲ್ ಆಗಿ ಫೆರೈಟ್ ರಾಡ್ ಇರುವುದರಿಂದ ಮೀಡಿಯಂ ವೇವ್‌ಗೆ ಹೊರಗಿನ ತಂತಿ ಬೇಕಿಲ್ಲ. ಆದರೆ ರಾಡ್ ದಿಕ್ಕು ನೋಡುತ್ತದೆ. ದಾವಣಗೆರೆಯಲ್ಲಿ ಭದ್ರಾವತಿ ಹೆಚ್ಚುಕಡಿಮೆ ದಕ್ಷಿಣಕ್ಕೆ, ಧಾರವಾಡ ವಾಯುವ್ಯಕ್ಕೆ. ಒಂದು ಜೋರಾದಾಗ ಇನ್ನೊಂದು ತಗ್ಗಿದರೆ ಪೆಟ್ಟಿಗೆಯನ್ನೇ ಸ್ವಲ್ಪ ತಿರುಗಿಸಿಡಬೇಕು, ಗೋಡೆಗೆ ಮೊಳೆ ಹೊಡೆದು ಕೂರಿಸುವ ಶೆಲ್ಫ್ ಇದಕ್ಕೆ ಆಗದು.

ಕೆಡುವುದು ಏನು? ಸೆಲ್ ಡಬ್ಬಿಯ ತಗಡು ಮೊದಲು. ಸಾಧಾರಣ ಸೆಲ್ ಸೋರಿದ ಕಲೆಗೆ ಅಡುಗೆ ಸೋಡಾ ಕಲಸಿದ ನೀರು, ಆಲ್ಕಲೈನ್ ಸೋರಿದ್ದಕ್ಕೆ ನಿಂಬೆರಸ, ಆಮೇಲೆ ಒಣಗಿಸಿ ಸಣ್ಣ ಉಪ್ಪುಕಾಗದ. ಡುಬ್ ಡುಬ್ ಎಂದು ಬೋಟಿನ ಇಂಜಿನ್ನಿನಂತೆ ಬಡಿದುಕೊಂಡರೆ ಸಪ್ಲೈ ಅಡ್ಡಕ್ಕಿರುವ 100 ಮೈಕ್ರೋಫ್ಯಾರಡ್ ಎಲೆಕ್ಟ್ರೋಲೈಟಿಕ್ ಒಣಗಿದೆ. ಅದೊಂದನ್ನು ಬದಲಿಸಿದಾಗ ಉಳಿದ ಎಲೆಕ್ಟ್ರೋಲೈಟಿಕ್‌ಗಳನ್ನೂ ಬದಲಿಸಿಬಿಡಿ, ಖರ್ಚು ಒಂದು ಊಟದಷ್ಟೂ ಆಗದು. ವಾಲ್ಯೂಮ್ ಕಂಟ್ರೋಲ್ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ. ಅದೇ ಸ್ಪ್ರೇಯನ್ನು ಸ್ಟೇಷನ್ ತಿರುಗಿಸುವ ಗ್ಯಾಂಗ್ ಕಂಡೆನ್ಸರ್ ಎಲೆಗಳ ನಡುವೆ ಹೊಡೆಯಬೇಡಿ, ಧೂಳು ಅಲ್ಲೇ ಕೆಸರಾಗಿ ಕೂರುತ್ತದೆ. ಸ್ಪೀಕರ್ ಕೋನ್ ಹರಿದಿದ್ದರೆ ತೆಳು ಟಿಶ್ಯೂ ಕಾಗದ, ನೀರು ಬೆರೆಸಿದ ಫೆವಿಕಾಲ್.

ಎಎಫ್114ರಿಂದ ಎಎಫ್117ರ ತನಕದ ನಾಲ್ಕು ಕಾಲಿನ ತಗಡಿನ ಟೋಪಿಯ ಟ್ರಾನ್ಸಿಸ್ಟರ್‌ಗಳಿಗೆ ಒಂದು ವಿಚಿತ್ರ ಕಾಯಿಲೆ ಇದೆ. ಟೋಪಿಯ ಒಳಗೋಡೆಯಿಂದ ತವರದ ಕೂದಲೆಳೆ ಬೆಳೆದು ಒಳಗಿನ ಕಾಲಿಗೆ ತಾಗುತ್ತದೆ. ಸುಸ್ ಶಬ್ದ ಮಾತ್ರ ಇರುತ್ತದೆ, ಸ್ಟೇಷನ್ ಇಲ್ಲ. ಟೋಪಿಗೆ ಹೋಗುವ ನಾಲ್ಕನೇ ಕಾಲನ್ನು, ಅಂದರೆ ಶೀಲ್ಡಿನದನ್ನು, ಬೋರ್ಡಿನ ಮೇಲೆ ಕತ್ತರಿಸಿದರೆ ಬಹಳ ಸಲ ಜೀವ ಬರುತ್ತದೆ. ಮಾರುವವರು ‘ಪೂರಾ ಡೆಡ್’ ಎಂದು ಅಗ್ಗಕ್ಕೆ ಕೊಡುವ ಫಿಲಿಪ್ಸ್ ಸೆಟ್‌ಗಳಲ್ಲಿ ಈ ಕಾಯಿಲೆಯದು ಸಿಕ್ಕರೆ ಅದೃಷ್ಟ.

ಈ ಕಾಲದ ಬಹುತೇಕ ಸೆಟ್‌ಗಳಲ್ಲಿ ಪ್ಲಸ್ಸೇ ಅರ್ಥ್. ಎಲಿಮಿನೇಟರ್ ಹಚ್ಚುವ ಮೊದಲು ಸೆಲ್ ಡಬ್ಬಿಯ ಗುರುತು ನೋಡಿ ಪ್ಲಸ್ ಮೈನಸ್ ಖಾತ್ರಿ ಮಾಡಿಕೊಳ್ಳಿ, ತಿರುವುಮುರುವಾದರೆ ಔಟ್‌ಪುಟ್ ಜೋಡಿ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಭಾರದ ಹಳೇ ಎಲಿಮಿನೇಟರ್ ವಾಸಿ, ಹಗುರ ಚಾರ್ಜರ್ ಮಾದರಿಯದು ಮೀಡಿಯಂ ವೇವ್‌ನಲ್ಲಿ ಗದ್ದಲ ತುಂಬುತ್ತದೆ. 6 ವೋಲ್ಟ್ ಎಂದು ಬರೆದ ಅಗ್ಗದ್ದು ಲೋಡ್ ಇಲ್ಲದಾಗ 9 ಕೊಡುವುದುಂಟು, ಅಳೆದೇ ಹಾಕಿ.

ನೆಲದ ಮೇಲೆ ನಿಲ್ಲುವ ಕನ್ಸೋಲ್

ಬ್ಯಾಟರಿ ಕನ್ಸೋಲ್ ಹುಟ್ಟಿದ್ದು ಅಮೆರಿಕದ ಹೊಲಮನೆಗಳಿಗಾಗಿ. 1935ರ ಹೊತ್ತಿಗೂ ಅಲ್ಲಿಯ ಹತ್ತು ಹೊಲಮನೆಗಳಲ್ಲಿ ಒಂಬತ್ತಕ್ಕೆ ಕರೆಂಟ್ ಇರಲಿಲ್ಲ. ಝೆನಿತ್, ಫಿಲ್ಕೋ ಕಂಪನಿಗಳೂ ಸಿಲ್ವರ್‌ಟೋನ್ ಹೆಸರಿನಲ್ಲಿ ಸಿಯರ್ಸ್ ಕಂಪನಿಯೂ ಎದೆಮಟ್ಟದ ಬೀರುವಿನಂಥ ಪೆಟ್ಟಿಗೆ ಮಾಡಿ, ಕೆಳಗಿನ ಖಾನೆಯಲ್ಲಿ ಬ್ಯಾಟರಿ ಇಡಲು ಜಾಗ ಬಿಟ್ಟವು. ಕೆಲವದರ ಬ್ಯಾಟರಿ ಚಾರ್ಜ್ ಮಾಡಲು ಚಾವಣಿಯ ಮೇಲೆ ಪುಟ್ಟ ಗಾಳಿಗಿರಣಿಯೂ ಇರುತ್ತಿತ್ತು. ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳನ್ನು ನೋಡಿ ಬೆಳೆದವರಿಗೆ ಇದು ಹೊಸದಲ್ಲ.

ನಮ್ಮ ಕಡೆ ಇಂಥವು ಸಿಗುವುದು ತೀರಾ ಅಪರೂಪ. ನೆಲದ ಮೇಲೆ ನಿಲ್ಲುವ ಪೆಟ್ಟಿಗೆ ಸಿಕ್ಕರೆ ಅದು ಹೆಚ್ಚಾಗಿ ಕರೆಂಟಿನ ರೇಡಿಯೋಗ್ರಾಮ್ (ಗ್ರಾಮಫೋನ್ ಸೇರಿದ ರೇಡಿಯೋ). ನಿಜವಾದ ಬ್ಯಾಟರಿ ಕನ್ಸೋಲ್ ಎದುರಾದರೆ ಒಂದು ತಪ್ಪು ನಿರೀಕ್ಷೆ ಬಿಡಬೇಕು. ಪೆಟ್ಟಿಗೆ ದೊಡ್ಡದೆಂದು ದನಿ ದೊಡ್ಡದಲ್ಲ. ಒಂಟಿ 1ಸಿ5 ಔಟ್‌ಪುಟ್ ಇದ್ದರೆ ಅದೂ ಕಾಲು ವಾಟೇ. ಅಗಲ ಸ್ಪೀಕರ್, ದೊಡ್ಡ ಹಲಗೆಯಿಂದಾಗಿ ಮಂದ್ರ ಸ್ಥಾಯಿ ತುಂಬಿಕೊಂಡು ಕೇಳುತ್ತದೆ, ತಂಬೂರಿ ಶ್ರುತಿಯ ಗುಂಗು ಟೇಬಲ್ ಸೆಟ್‌ನಲ್ಲಿ ಸಿಗದಂಥದು. ಕೆಳಗಿನ ಖಾನೆಯಲ್ಲಿ ಹತ್ತು ಸೆಲ್‌ಗಳ ಸಾಲು, ಎರಡು ಡಿ ಸೆಲ್ ಇಟ್ಟರೂ ಹೊರಗೆ ಏನೂ ಕಾಣದು. ಆದರೆ ಎಂಟು ಹತ್ತು ಅಡಿಯ ಹಾಲಿಗೆ ಇದನ್ನು ತಂದರೆ ಜನ ಕೂರುವುದು ಹೊರಗೆ ಜಗಲಿಯಲ್ಲಿ.

ಚಾಸಿ, ಅಂದರೆ ವಾಲ್ವ್ ಕೂರಿಸಿದ ಒಳಗಿನ ತಗಡಿನ ಚೌಕಟ್ಟು, ಇಲ್ಲದ ಬರೀ ಪೆಟ್ಟಿಗೆ ಸಿಕ್ಕರೆ, ಅಥವಾ ನಿಮ್ಮ ಮನೆಗೆ ಮೀಡಿಯಂ ವೇವ್ ಬರುವುದೇ ಇಲ್ಲವೆಂದಾದರೆ, ಅದರೊಳಗೆ ಎಫ್‌ಎಂ-ಬ್ಲೂಟೂತ್ ಬೋರ್ಡ್, 8 ಇಂಚಿನ ಸ್ಪೀಕರ್, 12 ವೋಲ್ಟ್ 7 ಆಂಪ್-ಗಂಟೆಯ ಬ್ಯಾಟರಿ ಹಾಕಿಸಿ ಚಿತ್ರದುರ್ಗ 102.6 ಕೇಳುವುದರಲ್ಲಿ ತಪ್ಪೇನಿಲ್ಲ. ಕೆಲಸ ಮಾಡುವ ಹಳೇ ಚಾಸಿಯನ್ನು ಕಿತ್ತೆಸೆದು ಹೀಗೆ ಮಾಡುವುದು ಮಾತ್ರ ಅನ್ಯಾಯ. ಹಿಂಭಾಗದಲ್ಲಿ ಗ್ರಾಮಫೋನ್ ಪಿಕಪ್ ಸಾಕೆಟ್ ಇದ್ದರೆ ಚಾಸಿ ಉಳಿಸಿಕೊಂಡೇ ಮೊಬೈಲ್ ಸೇರಿಸಬಹುದು: ಎಡ, ಬಲ ಎರಡೂ ತಂತಿಗೆ ತಲಾ 4.7 ಕಿಲೋ ಓಮ್ ಹಾಕಿ ಒಂದುಗೂಡಿಸಿ, 0.1 ಮೈಕ್ರೋಫ್ಯಾರಡ್ ಕಂಡೆನ್ಸರ್ ಮೂಲಕ ಸಾಕೆಟ್ಟಿಗೆ. ಇದು ಬ್ಯಾಟರಿ ಸೆಟ್ಟಿಗೆ ಮಾತ್ರ ಹೇಳಿದ ಮಾತು. ಎಸಿ/ಡಿಸಿ ಎಂದು ಬರೆದ ಕರೆಂಟ್ ಸೆಟ್‌ಗಳಲ್ಲಿ ಚಾಸಿಯಲ್ಲೇ ಲೈನ್ ಇರಬಹುದು, ಮೊಬೈಲಿನ ಜೊತೆ ಮನುಷ್ಯನೂ ಹೋದಾನು.

ಅಂಗಡಿಯಲ್ಲಿ ನಿಂತಾಗ

ವಾಲ್ವ್ ಸೆಟ್ ಕೊಳ್ಳುವುದು ಸೋಲ್ಡರಿಂಗ್ ಬರುವವರಿಗೆ, ಅಥವಾ ಬರುವವರು ಹತ್ತಿರ ಇರುವವರಿಗೆ. ನಾಲ್ಕೂ ವಾಲ್ವ್ ಇದ್ದು, ಮೀಟರಿನಲ್ಲಿ ನಾಲ್ಕೂ ಫಿಲಮೆಂಟ್ ಬದುಕಿದ್ದರೆ ಮಾತ್ರ ಮಾತುಕತೆ ಮುಂದುವರಿಸಿ. ಎರಡು ಹೋಗಿದ್ದರೆ ಪೆಟ್ಟಿಗೆಯ ಬೆಲೆಗೆ ಕೇಳಿ. ವಯಸ್ಸಾದ ಅಪ್ಪ ಅಮ್ಮ ದಿನಾ ವಾರ್ತೆ, ಚಿಂತನ ಕೇಳಲಿ ಎಂದು ತರುತ್ತಿದ್ದರೆ ಟ್ರಾನ್ಸಿಸ್ಟರ್ ಸೆಟ್ ಬಿಟ್ಟು ಬೇರೆ ಯೋಚನೆ ಬೇಡ. ಮನೆಯ ಅಟ್ಟದಲ್ಲೇ ತಾತನ ಕಾಲದ್ದು ಇದ್ದರೆ ಆರಿಸುವ ಪ್ರಶ್ನೆಯಿಲ್ಲ, ಅದನ್ನೇ ಮಾಡಿಸಿ. ಜೊತೆಗೆ ಅಂಚೆ ಕಚೇರಿಯ ರೇಡಿಯೋ ಲೈಸೆನ್ಸ್ ಪುಸ್ತಕ ಸಿಕ್ಕರೆ ಎಸೆಯಬೇಡಿ, ಸೆಟ್ ಯಾವ ವರ್ಷಗಳಲ್ಲಿ ಬಳಕೆಯಲ್ಲಿತ್ತೆಂದು ಅದರ ಮುದ್ರೆಗಳೇ ಹೇಳುತ್ತವೆ.

ಪೆಟ್ಟಿಗೆಯ ತಳ ತಿರುಗಿಸಿ ನೋಡುವುದನ್ನು ಮರೆಯಬೇಡಿ. ಹಿಟ್ಟಿನಂಥ ಪುಡಿ, ಸೂಜಿಮೊನೆಯ ತೂತು ಇದ್ದರೆ ಕೊರೆಹುಳು. ಮಣ್ಣಿನ ಗೆರೆ ಇದ್ದರೆ ಗೆದ್ದಲು, ಅಂಥದ್ದನ್ನು ಮನೆಯೊಳಗೇ ತರಬೇಡಿ. ಚನ್ನಗಿರಿ, ಹೊಳಲ್ಕೆರೆಯ ತೋಟದ ಮನೆಗಳಿಂದ ಬಂದವುಗಳಲ್ಲಿ ಥಂಡಿಗೆ ಮೇಲಿನ ತೆಳು ಹಲಗೆ ಉಬ್ಬಿ ಏಳುವುದುಂಟು. ಏಳದಿದ್ದರೆ ಹಳೇ ಅರಗಿನ ಪಾಲಿಶ್ ಹಾಗೇ ಬಿಟ್ಟು ಸ್ಪಿರಿಟ್ ಸೋಕಿಸದೆ ಒಣ ಬಟ್ಟೆಯಲ್ಲಿ ಒರೆಸಿ. ಇಲಿ ಕಡಿದ ರಬ್ಬರ್ ವೈರ್ ಮುಟ್ಟಿದರೆ ಪುಡಿಯಾಗುತ್ತದೆ, ಒಳಗಿನ ವೈರಿಂಗೆಲ್ಲ ಹೀಗಿದ್ದರೆ ಮೆಕ್ಯಾನಿಕ್ ಕೂಲಿ ರೇಡಿಯೋದ ಬೆಲೆ ಮೀರುತ್ತದೆ. ಡಯಲ್ ದಾರ ತುಂಡಾಗಿರುವುದು ದೋಷವೇ ಅಲ್ಲ, ಹಿಗ್ಗದ ನೈಲಾನ್ ದಾರದಲ್ಲಿ ಅರ್ಧ ಗಂಟೆಯ ಕೆಲಸ. ಡಯಲ್ ಗಾಜು ಒಡೆದಿದ್ದರೆ ಮಾತ್ರ ಬಿಟ್ಟುಬಿಡಿ, ಆ ಗಾಜು ಮತ್ತೆ ಸಿಗುವುದಿಲ್ಲ.